ಹಾಡಿಯ ಹುಡುಗಿ ಕೇಳಿದ ಪ್ರಶ್ನೆ: ಸಿಕಲ್ ಸೆಲ್ ಎಂಬ ಉತ್ಪರಿವರ್ತನೆ ಹೇಗೆ ಬಂತು, ಯಾಕೆ ಉಳಿಯಿತು?

ಕಬಿನಿತೀರ ಕೇಳಿದ್ದಾರೆ:

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾಡಂಚಿನ ಹಾಡಿಗಳಿಂದ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಮಕ್ಕಳು ನಮ್ಮಲ್ಲಿಗೆ ಓದಲು ಬರುತ್ತಾರೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನದ ಭಾಗವಾಗಿ ನಮ್ಮ ಮಕ್ಕಳ ಬೆರಳಿನಿಂದಲೂ ಒಂದೊಂದು ಹನಿ ರಕ್ತ ತೆಗೆದು ತಪಾಸಣೆ ನಡೆಸಿದರು. ಸಿಕಲ್ ಸೆಲ್ ಎಂದರೆ ರಕ್ತದ ಕೆಂಪು ಕಣಗಳು ಕುಡಗೋಲಿನಂತೆ ಬಾಗಿ ತೊಂದರೆ ಕೊಡುವ, ವಂಶದಲ್ಲಿ ಇಳಿದು ಬರುವ ರೋಗ. ಅವರಲ್ಲಿ ಒಬ್ಬ ಹುಡುಗಿಗೆ 'ವಾಹಕ' ಎಂಬ ಫಲಿತಾಂಶದ ಕಾರ್ಡು ಬಂದಿದೆ. ಅವಳು ಓಡಾಡಿಕೊಂಡು, ಆಟವಾಡಿಕೊಂಡು ಚೆನ್ನಾಗಿಯೇ ಇದ್ದಾಳೆ. ಆದರೆ ಕಾರ್ಡು ಬಂದ ಮರುದಿನ ತರಗತಿ ಮುಗಿದ ಮೇಲೆ ನನ್ನ ಬಳಿ ಬಂದು, "ಸಾರ್, ಯಾರು ಏನು ತಪ್ಪು ಮಾಡಿದ್ದಕ್ಕೆ ನನ್ನ ರಕ್ತ ಹೀಗಾಯಿತು?" ಎಂದು ಕೇಳಿದಳು.

ಪಠ್ಯಪುಸ್ತಕದಲ್ಲಿರುವ 'ಉತ್ಪರಿವರ್ತನೆ ಎಂದರೆ ವಂಶವಾಹಿಯಲ್ಲಿ ಉಂಟಾಗುವ ಹಠಾತ್ ಬದಲಾವಣೆ' ಎಂಬ ಒಂದು ಸಾಲಿನ ವ್ಯಾಖ್ಯೆ ನನ್ನ ನಾಲಿಗೆಯ ತುದಿಯಲ್ಲಿತ್ತು, ಆದರೆ ಅದನ್ನು ಹೇಳಿದರೆ ಅವಳ ಪ್ರಶ್ನೆಗೆ ಉತ್ತರ ಕೊಟ್ಟಂತಾಗದು ಎನ್ನಿಸಿ, ನಾಳೆ ಹೇಳುತ್ತೇನೆ ಎಂದು ಕಳುಹಿಸಿದೆ. ಅವಳ ಹಾಡಿಯ ಹಿರಿಯರು, ಕಾಡು ಬಿಟ್ಟು ಕೊಡಗಿನ ಕಾಫಿ ತೋಟಗಳಿಗೂ ಶುಂಠಿ ಹೊಲಗಳಿಗೂ ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಅಲ್ಲಿ ಹೊಡೆಯುವ ಔಷಧಿಯಿಂದ ರಕ್ತ ಕೆಟ್ಟಿದೆ ಎನ್ನುತ್ತಾರಂತೆ. ಊರಿನ ಇನ್ನು ಕೆಲವರು, ಸಂಬಂಧದಲ್ಲೇ ಮದುವೆಯಾಗುತ್ತಾ ಬಂದದ್ದೇ ಕಾರಣ ಎನ್ನುತ್ತಾರೆ. ಇವೆರಡರಲ್ಲಿ ಯಾವುದಾದರೂ ನಿಜವೇ? ಇಷ್ಟು ತೊಂದರೆ ಕೊಡುವ ಬದಲಾವಣೆ ಕೆಲವೇ ತಲೆಮಾರುಗಳಲ್ಲಿ ಅಳಿದುಹೋಗಬೇಕಿತ್ತಲ್ಲವೇ, ಅದು ಇಷ್ಟು ಜನರಲ್ಲಿ ಉಳಿದುಕೊಂಡದ್ದಾದರೂ ಹೇಗೆ? ತಿಳಿದವರು ವಿವರವಾಗಿ ಬರೆದರೆ ಆ ಹುಡುಗಿಗೂ ಅವಳ ಹೆತ್ತವರಿಗೂ ಸರಿಯಾದುದನ್ನು ಹೇಳಲು ನನಗೆ ಸಾಧ್ಯವಾಗುತ್ತದೆ.

ತಳಿಪಾಠ ಉತ್ತರಿಸಿದ್ದಾರೆ:

ಮೇಷ್ಟ್ರೇ, ತಳಿವಿಜ್ಞಾನವನ್ನು ಹಲವು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು. ಆ ಮಗುವಿಗೆ ಮೊದಲು ಹೇಳಬೇಕಾದ ಮಾತು, ಯಾರೂ ಯಾವ ತಪ್ಪನ್ನೂ ಮಾಡಿಲ್ಲ ಎಂಬುದು. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಉತ್ಪರಿವರ್ತನೆ ನಡೆಯುವ ರೀತಿಯನ್ನು ಅರಿತರೆ ಬೇರೆ ಉತ್ತರ ಸಾಧ್ಯವೇ ಇಲ್ಲ.

ನಮ್ಮ ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನು ನಾಲ್ಕು ಸರಪಳಿಗಳಿಂದ ಆಗಿದೆ. ಅವುಗಳಲ್ಲಿ ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿದ್ದು, ಅವುಗಳನ್ನು ಯಾವ ಕ್ರಮದಲ್ಲಿ ಪೋಣಿಸಬೇಕೆಂಬ ಬರಹ 11ನೆಯ ವರ್ಣತಂತುವಿನ ಡಿಎನ್‌ಎಯಲ್ಲಿದೆ. ಈ ಬರಹಕ್ಕೆ ಇರುವುದು ನಾಲ್ಕೇ ಅಕ್ಷರ, ಓದುವುದು ಮೂರು ಮೂರು ಅಕ್ಷರಗಳ ಪದಗಳಾಗಿ. ಆರನೆಯ ಸ್ಥಾನದ ಅಮೈನೋ ಆಮ್ಲಕ್ಕೆ ಎಲ್ಲರಲ್ಲೂ 'ಜಿಎಜಿ' ಎಂಬ ಪದವಿದ್ದರೆ, ಸಿಕಲ್ ಸೆಲ್ ವಂಶವಾಹಿಯಲ್ಲಿ 'ಜಿಟಿಜಿ' ಎಂದಿದೆ. ಆದ ಬದಲಾವಣೆ ಇಷ್ಟೇ, ನಡುವಿನ ಒಂದು ಅಕ್ಷರ. ಅದರಿಂದಾಗಿ ಗ್ಲುಟಾಮಿಕ್ ಆಮ್ಲ ಬರಬೇಕಾದ ಜಾಗಕ್ಕೆ ವ್ಯಾಲೀನ್ ಬರುತ್ತದೆ. ಗ್ಲುಟಾಮಿಕ್ ಆಮ್ಲ ನೀರಿನೊಡನೆ ಹೊಂದಿಕೊಳ್ಳುವಂಥದ್ದು, ವ್ಯಾಲೀನ್ ನೀರಿನಿಂದ ದೂರ ಸರಿಯುವಂಥದ್ದು. ಹೀಗಾಗಿ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ. ಆ ಎಳೆಗಳು ಒಳಗಿನಿಂದ ಒತ್ತುವುದರಿಂದ ದುಂಡಗಿನ ಕೆಂಪು ಕಣ ಕುಡಗೋಲಿನ ಆಕಾರಕ್ಕೆ ತಿರುಗುತ್ತದೆ. ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ಈ ರೋಗದ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಎಂದು ತೋರಿಸಿದರು. ವರ್ನನ್ ಇಂಗ್ರಾಮ್ 1956–57ರಲ್ಲಿ, ಬದಲಾದದ್ದು ಒಂದೇ ಒಂದು ಅಮೈನೋ ಆಮ್ಲ ಎಂದು ಕಂಡುಕೊಂಡರು.

ತರಗತಿಯಲ್ಲಿ ಹೇಳಲು ನಾನು ಬಳಸುತ್ತಿದ್ದ ಒಂದು ವಾಕ್ಯವನ್ನು ನಿಮಗೂ ಕೊಡುತ್ತೇನೆ: 'ಅವನು ನಮಗೆ ಹಸುವ ಕೊಡಲಿ.' ಪ್ರತಿ ಪದಕ್ಕೂ ಮೂರೇ ಅಕ್ಷರ. ಮೂರನೆಯ ಪದದ ನಡುವಿನ 'ಸು' ಎಂಬುದನ್ನು 'ಸಿ' ಎಂದು ಬದಲಿಸಿದರೆ 'ಅವನು ನಮಗೆ ಹಸಿವ ಕೊಡಲಿ' ಎಂದಾಗುತ್ತದೆ. ವಾಕ್ಯ ಸರಾಗವಾಗಿಯೇ ಇದೆ, ವ್ಯಾಕರಣವೂ ತಪ್ಪಿಲ್ಲ, ಆದರೆ ಹಸು ಬೇಡಿದವನಿಗೆ ಹಸಿವು ಸಿಕ್ಕಿತು. ಸಿಕಲ್ ಸೆಲ್ ಇದೇ ಬಗೆಯ ಬದಲಾವಣೆ. ಕೊನೆಯ ಪದವನ್ನು 'ಕುಡಲಿ' ಎಂದು ಬದಲಿಸಿದರೆ, ಹಾಗೆಯೇ ಆಡುವ ಊರುಗಳೂ ಇರುವುದರಿಂದ, ಅರ್ಥ ಕೆಡುವುದಿಲ್ಲ. ಡಿಎನ್‌ಎಯಲ್ಲೂ 'ಜಿಎಜಿ' 'ಜಿಎಎ' ಆದರೆ ಅದೇ ಗ್ಲುಟಾಮಿಕ್ ಆಮ್ಲವೇ ಬರುತ್ತದೆ, ದೇಹಕ್ಕೆ ಗೊತ್ತೂ ಆಗುವುದಿಲ್ಲ. ಇನ್ನು ಮೊದಲ ಪದದ 'ವ' ಅಕ್ಷರವನ್ನು ಅಳಿಸಿ, ಉಳಿದವನ್ನು ಮತ್ತೆ ಮೂರು ಮೂರಾಗಿ ಓದಿಸಿ ನೋಡಿ: 'ಅನುನ ಮಗೆಹ ಸುವಕೊ ಡಲಿ'. ಅಕ್ಷರ ಹೋದದ್ದು ಒಂದೇ, ಆದರೆ ಅಲ್ಲಿಂದ ಮುಂದಿನದೆಲ್ಲ ಅರ್ಥಹೀನವಾಯಿತು. ಹೀಗಾಗಿ, ಉತ್ಪರಿವರ್ತನೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಟ್ಟಾಗಿ ಕೇಳುವುದರಲ್ಲಿ ಹುರುಳಿಲ್ಲ. ಎಲ್ಲಿ, ಎಂಥ ಬದಲಾವಣೆ ಆಯಿತು ಎಂದು ಕೇಳಬೇಕು.

ಈ ಬದಲಾವಣೆಗಳು ಬರುವುದೆಲ್ಲಿಂದ ಎಂದರೆ, ಬಹುಪಾಲು ನಕಲಿನ ಕೆಲಸದಿಂದಲೇ. ಒಂದು ಜೀವಕೋಶ ಎರಡಾಗುವಾಗ, ತಂದೆಯಿಂದಲೂ ತಾಯಿಯಿಂದಲೂ ಬಂದ ಎರಡು ಪ್ರತಿಗಳು ಸೇರಿ, ಸುಮಾರು 600 ಕೋಟಿ ಅಕ್ಷರಗಳನ್ನು ನಕಲು ಮಾಡಬೇಕು. ನಕಲು ಮಾಡುವ ಕಿಣ್ವ ಲಕ್ಷ ಅಕ್ಷರಕ್ಕೊಂದರಂತೆ ತಪ್ಪುತ್ತದೆ, ತಾನೇ ಹಿಂದಿರುಗಿ ತಿದ್ದಿಕೊಳ್ಳುತ್ತದೆ, ಅದರ ಕಣ್ಣು ತಪ್ಪಿಸಿದ್ದನ್ನು ಬೇರೆ ಪ್ರೋಟೀನುಗಳ ತಂಡ ಹುಡುಕಿ ಸರಿಪಡಿಸುತ್ತದೆ. ಇಷ್ಟೆಲ್ಲ ಆದ ಮೇಲೆ ಉಳಿಯುವುದು ನೂರು ಕೋಟಿ ಅಕ್ಷರಕ್ಕೆ ಒಂದರಷ್ಟು ತಪ್ಪು, ಅಥವಾ ಅದಕ್ಕೂ ಕಡಿಮೆ. ಇಂಥ ಎಚ್ಚರದ ಬರಹಗಾರ ಮನುಷ್ಯರಲ್ಲಿ ಯಾರೂ ಇಲ್ಲ. ಆದರೂ ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆತಾಯಿಗಳಲ್ಲಿ ಇಲ್ಲದ 60ರಿಂದ 70ರಷ್ಟು ಹೊಸ ಬದಲಾವಣೆಗಳು ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ತಂದೆಯ ಕಡೆಯಿಂದ ಬರುತ್ತವೆ, ತಂದೆಯ ವಯಸ್ಸು ಏರಿದಂತೆ ವರ್ಷಕ್ಕೆ ಒಂದೆರಡರಂತೆ ಹೆಚ್ಚುತ್ತವೆ. ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ. ನಮ್ಮವು ಏನೂ ಮಾಡದ ಜಾಗಗಳಲ್ಲಿ ಬಿದ್ದಿವೆ ಎಂಬುದಷ್ಟೇ ವ್ಯತ್ಯಾಸ.

ಹೊರಗಿನ ಕಾರಣಗಳೂ ಇಲ್ಲದಿಲ್ಲ. ಎಕ್ಸ್ ಕಿರಣ ಹಾಯಿಸಿದರೆ ಹಣ್ಣುನೊಣಗಳಲ್ಲಿ ಉತ್ಪರಿವರ್ತನೆ ಹಲವು ಪಟ್ಟು ಹೆಚ್ಚುತ್ತದೆ ಎಂದು ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದರು, ಅದಕ್ಕಾಗಿ 1946ರ ನೊಬೆಲ್ ಪ್ರಶಸ್ತಿ ಪಡೆದರು. ಬಿಸಿಲಿನ ನೇರಳಾತೀತ ಕಿರಣ ಚರ್ಮದ ಕೋಶಗಳ ಡಿಎನ್‌ಎಯಲ್ಲಿ ಪಕ್ಕಪಕ್ಕದ ಎರಡು ಅಕ್ಷರಗಳನ್ನು ಬೆಸೆದುಬಿಡುತ್ತದೆ. ಹೊಗೆಸೊಪ್ಪಿನ ಹೊಗೆಯಲ್ಲಿರುವ ರಾಸಾಯನಿಕಗಳು ಶ್ವಾಸಕೋಶದ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ನಕಲನ್ನು ಕೆಡಿಸುತ್ತವೆ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿರುವ ಅಫ್ಲಾಟಾಕ್ಸಿನ್ ಯಕೃತ್ತಿನಲ್ಲಿ ಇದೇ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಒಂದು ಭೇದವನ್ನು ಮಕ್ಕಳ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲಿಸಬೇಕು. ಚರ್ಮ, ಶ್ವಾಸಕೋಶ, ಯಕೃತ್ತುಗಳಲ್ಲಿ ಆದ ಬದಲಾವಣೆ ಆ ವ್ಯಕ್ತಿಗೆ ಕ್ಯಾನ್ಸರ್ ತರಬಹುದು, ಆದರೆ ಅದು ಆ ವ್ಯಕ್ತಿಯೊಂದಿಗೇ ಮುಗಿಯುತ್ತದೆ. ಮಕ್ಕಳಿಗೆ ದಾಟುವುದು ಅಂಡಾಣು, ವೀರ್ಯಾಣುಗಳ ಸಾಲಿನಲ್ಲಿ ಆದ ಬದಲಾವಣೆ ಮಾತ್ರ.

ಈಗ ಹಾಡಿಯ ಹಿರಿಯರ ಮಾತಿಗೆ ಬರೋಣ. ಶುಂಠಿ ಹೊಲದ ಔಷಧಿ ಕೂಲಿಯವರ ಆರೋಗ್ಯಕ್ಕೆ ಕೇಡು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಅದರ ವಿರುದ್ಧ ಅವರು ದನಿಯೆತ್ತಿದರೆ ಅದು ನ್ಯಾಯವೇ. ಆದರೆ ಸಿಕಲ್ ಸೆಲ್ ಅದರಿಂದ ಬಂದದ್ದಲ್ಲ. ಈ ಒಂದಕ್ಷರದ ಬದಲಾವಣೆ ಕೀಟನಾಶಕಗಳಿಗಿಂತ ಸಾವಿರಾರು ವರ್ಷ ಹಳೆಯದು. ನೀಲಗಿರಿಯ ಬುಡಕಟ್ಟು ಜನರಲ್ಲಿ ಇದು ಇರುವುದನ್ನು ಲೆಹ್ಮನ್ ಮತ್ತು ಕಟ್‌ಬುಶ್ 1952ರಲ್ಲೇ ವರದಿ ಮಾಡಿದ್ದರು, ನಿಮ್ಮ ತಾಲ್ಲೂಕಿಗೆ ನೀಲಗಿರಿ ದೂರವೇನಲ್ಲ. ಸಂಬಂಧದಲ್ಲಿ ಮದುವೆಯಾಗುವುದೂ ಉತ್ಪರಿವರ್ತನೆಯನ್ನು ಹುಟ್ಟಿಸುವುದಿಲ್ಲ. ಬದಲಾದ ವಂಶವಾಹಿಯ ಒಂದೇ ಹಳೆಯ ಪ್ರತಿಯನ್ನು ಪಡೆದ ಇಬ್ಬರು ಗಂಡಹೆಂಡತಿಯಾಗುವ ಸಂಭವವನ್ನು ಅದು ಹೆಚ್ಚಿಸುತ್ತದೆ, ಅಷ್ಟೇ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಪದ್ಧತಿ ನಮ್ಮ ರಾಜ್ಯದ ಎಷ್ಟೋ ಜಾತಿಗಳಲ್ಲಿ ಇರುವಾಗ, ಹಾಡಿಯವರತ್ತ ಮಾತ್ರ ಬೆರಳು ತೋರಿಸುವವರ ಮಾತಿಗೆ ನೀವು ತರಗತಿಯಲ್ಲಿ ಜಾಗ ಕೊಡಬೇಡಿ.

ಬಿಳಿಗಿರಿ ಉತ್ತರಿಸಿದ್ದಾರೆ:

ನಾನು ಶುಶ್ರೂಷಕಿ. ಚಾಮರಾಜನಗರ ಜಿಲ್ಲೆಯ ಸೋಲಿಗರ ಪೋಡುಗಳಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಮೇಲಿನ ಹಿರಿಯರು ಅಣುವಿನ ಕಥೆಯನ್ನು ಹೇಳಿದ್ದಾರೆ, ನಾನು ಮೈಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಇದು ಯಾಕೆ ಅಳಿಯಲಿಲ್ಲ ಎಂಬ ನಿಮ್ಮ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ.

ಪ್ರತಿಯೊಬ್ಬರಿಗೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ತಾಯಿಯದೊಂದು, ತಂದೆಯದೊಂದು. ನಿಮ್ಮ ವಿದ್ಯಾರ್ಥಿನಿಯಲ್ಲಿ ಒಂದು ಪ್ರತಿ ಮಾತ್ರ ಬದಲಾಗಿದೆ, ಇನ್ನೊಂದು ಸರಿಯಾದ ಹಿಮೋಗ್ಲೋಬಿನ್ ಕೊಡುತ್ತಿದೆ. ಆದ್ದರಿಂದಲೇ ಅವಳು ಆಟವಾಡಿಕೊಂಡಿದ್ದಾಳೆ, ಮುಂದೆಯೂ ಆಡಿಕೊಂಡಿರುತ್ತಾಳೆ. ವಾಹಕರು ರೋಗಿಗಳಲ್ಲ. ಎರಡೂ ಪ್ರತಿಗಳು ಬದಲಾದ ಮಕ್ಕಳ ಪಾಡು ಬೇರೆ. 120 ದಿನ ಬಾಳಬೇಕಾದ ಕೆಂಪು ಕಣ ಅವರಲ್ಲಿ ಹತ್ತಿಪ್ಪತ್ತು ದಿನಕ್ಕೆ ಒಡೆದುಹೋಗುತ್ತದೆ. ಕುಡಗೋಲಾದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲು, ಬೆನ್ನು, ಎದೆಯ ಮೂಳೆಗಳಲ್ಲಿ ತಡೆಯಲಾಗದ ನೋವು ಬರುತ್ತದೆ. ಎಳೆಯ ಕೂಸುಗಳಲ್ಲಿ ಅಂಗೈ, ಪಾದಗಳು ಊದಿಕೊಳ್ಳುವುದೇ ಎಷ್ಟೋ ಬಾರಿ ಮೊದಲ ಗುರುತು. ಹುಟ್ಟಿದ ಮೊದಲ ಆರು ತಿಂಗಳು ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ರಕ್ತದಲ್ಲಿ ಉಳಿದಿರುವುದರಿಂದ ಮಗು ಚೆನ್ನಾಗಿಯೇ ಕಾಣುತ್ತದೆ, ಅದು ಕಡಿಮೆಯಾದಂತೆ ತೊಂದರೆ ಶುರುವಾಗುತ್ತದೆ. ಇಂಥ ನೋವು ಬಂದ ಒಬ್ಬ ಹುಡುಗನನ್ನು ಅವನ ತಾಯಿ ರಾತ್ರಿಯಿಡೀ ಬೆನ್ನಿನ ಮೇಲೆ ಹೊತ್ತು ಬೆಟ್ಟ ಇಳಿದು ಬಂದದ್ದನ್ನು ನಾನು ಕಂಡಿದ್ದೇನೆ. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಅವನಿಗೆ ಬರೀ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದ್ದರು, ಯಾರೂ ಸಿಕಲ್ ಸೆಲ್ ಇರಬಹುದೆಂದು ನೋಡಿರಲಿಲ್ಲ. ಆ ದಿನಗಳಿಗೆ ಹೋಲಿಸಿದರೆ ಇಂದು ಶಾಲೆಯ ಬಾಗಿಲಿಗೇ ತಪಾಸಣೆ ಬಂದಿರುವುದು ನನಗೆ ಬಹಳ ದೊಡ್ಡ ಮಾತು.

ಇನ್ನು ಇದು ಉಳಿದ ಕಾರಣ ಚಳಿಜ್ವರ. ನಿಮ್ಮ ಹೆಗ್ಗಡದೇವನಕೋಟೆಯ ಕಾಡೂ ನಮ್ಮ ಬೆಟ್ಟದ ಕಾಡೂ ಒಂದು ಕಾಲಕ್ಕೆ ಮಲೇರಿಯಾದ ನೆಲೆಗಳಾಗಿದ್ದವು. ಮಲೇರಿಯಾದ ಪರಾವಲಂಬಿ ಬೆಳೆಯುವುದು ಕೆಂಪು ಕಣದೊಳಗೆ. ವಾಹಕರ ರಕ್ತದಲ್ಲಿ ಅದು ಹೊಕ್ಕ ಕಣ ಬೇಗನೆ ಕುಡಗೋಲಿನಂತೆ ಬಾಗುತ್ತದೆ, ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ ಎಂಬ ಅಂಗ ಅದನ್ನು ಪರಾವಲಂಬಿಯ ಸಮೇತ ತೆಗೆದುಹಾಕುತ್ತದೆ. ಹಾಗಾಗಿ ಪ್ರಾಣ ತೆಗೆಯುವ ಫಾಲ್ಸಿಪಾರಮ್ ಮಲೇರಿಯಾದಿಂದ ವಾಹಕ ಮಕ್ಕಳು ಬಹಳ ಮಟ್ಟಿಗೆ ಪಾರಾಗುತ್ತಿದ್ದರು. ಆಂಥನಿ ಆಲಿಸನ್ ಎಂಬ ವೈದ್ಯರು ಕೀನ್ಯಾದಲ್ಲಿ ಓಡಾಡಿದಾಗ, ಕರಾವಳಿಯಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ಈ ಗುಣ ಹೆಚ್ಚಾಗಿರುವುದನ್ನು, ಸೊಳ್ಳೆ ಕಡಿಮೆಯಿರುವ ಎತ್ತರದ ನೆಲದಲ್ಲಿ ಅಪರೂಪವಾಗಿರುವುದನ್ನು ಗಮನಿಸಿ, 1954ರಲ್ಲಿ ಮಲೇರಿಯಾದೊಂದಿಗಿನ ನಂಟನ್ನು ಪ್ರಕಟಿಸಿದರು. ಎರಡೂ ಪ್ರತಿ ಬದಲಾದ ಮಕ್ಕಳನ್ನು ಕಳೆದುಕೊಂಡರೂ, ಒಂದು ಪ್ರತಿ ಹೊತ್ತ ಅಕ್ಕತಂಗಿಯರು, ಅಣ್ಣತಮ್ಮಂದಿರು ಜ್ವರದಿಂದ ಉಳಿದು ಮಕ್ಕಳನ್ನು ಪಡೆದರು. ಹೀಗೆ ಆ ಅಕ್ಷರ ಉಳಿಯಿತು. ಈಗ ಮಲೇರಿಯಾ ಹಿಂದೆ ಸರಿದಿದೆ, ಅದರ ರಕ್ಷಣೆಯ ಅಗತ್ಯ ತಗ್ಗಿದೆ, ತೆರಬೇಕಾದ ಬೆಲೆ ಮಾತ್ರ ಹಾಗೆಯೇ ಇದೆ.

ಒಂದು ವಿನಂತಿ. ಮಲೇರಿಯಾದ ಈ ಕಥೆಯನ್ನು ಇಡೀ ತರಗತಿಗೆ ಹೇಳಿ, ಆದರೆ ಯಾರ ಕಾರ್ಡಿನಲ್ಲಿ ಏನಿದೆ ಎಂಬುದು ತರಗತಿಯಲ್ಲಿ ಬಾಯಿಗೆ ಬರಬಾರದು. ಮದುವೆಯ ಮಾತಿನಲ್ಲಿ ಆ ಕಾರ್ಡು ಹುಡುಗಿಯರಿಗೆ ಅಡ್ಡಿಯಾಗುವುದನ್ನು ನಾನು ನೋಡಿದ್ದೇನೆ. ವಾಹಕಳು ಈ ವಂಶವಾಹಿಯ ಎರಡೂ ಪ್ರತಿಗಳು ಸರಿಯಿರುವವನನ್ನು ಮದುವೆಯಾದರೆ ಮಕ್ಕಳಲ್ಲಿ ಯಾರಿಗೂ ಸಿಕಲ್ ಸೆಲ್ ರೋಗ ಬರುವುದಿಲ್ಲ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ ಇರುತ್ತದೆ. ಮೊದಲ ಮಗುವಿಗೆ ಬಂದಿತೆಂದು ಮುಂದಿನ ಮೂವರಿಗೆ ಬರುವುದಿಲ್ಲ ಎಂದು ಎಣಿಸುವವರಿದ್ದಾರೆ, ಅದು ತಪ್ಪು. ಗಂಡಿನ ಕಾರ್ಡನ್ನೂ ನೋಡದೆ ಹೆಣ್ಣಿನ ಕಾರ್ಡನ್ನು ಮಾತ್ರ ಕೇಳುವುದು ಅದಕ್ಕಿಂತ ದೊಡ್ಡ ತಪ್ಪು.

ವರದಾತೀರ ಉತ್ತರಿಸಿದ್ದಾರೆ:

ನಾನು ಸಾಗರದವಳು. ಈ ಚರ್ಚೆ ಓದುವಾಗ ನಮ್ಮ ಹಂದಿಗೋಡು ನೆನಪಾಗದೆ ಇರಲಿಲ್ಲ. ಹೊರಗಿನ ಕಾರಣವನ್ನು ಅಷ್ಟು ಬೇಗ ಪಕ್ಕಕ್ಕಿಡಬಾರದು ಎಂದು ಹೇಳಬೇಕೆನ್ನಿಸಿ ಬರೆಯುತ್ತಿದ್ದೇನೆ.

1970ರ ದಶಕದ ನಡುವಿನಲ್ಲಿ ಸಾಗರದ ಬಳಿಯ ಹಂದಿಗೋಡಿನಲ್ಲಿ, ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ, ಸೊಂಟ ಮತ್ತು ಮಂಡಿಯ ಕೀಲುಗಳು ನೊಂದು, ಸವೆದು, ಜನ ಕುಕ್ಕರುಗಾಲಿನಲ್ಲಿ ಕೂರಲಾಗದೆ, ಕೊನೆಗೆ ನಡೆಯಲಾಗದೆ ಹೋಗುವ ರೋಗ ಬೆಳಕಿಗೆ ಬಂತು. ಕೆಲವರು ಕುಳ್ಳಾಗಿಯೇ ಉಳಿದರು. ಬಳಲಿದವರಲ್ಲಿ ಬಹುಪಾಲು ಗದ್ದೆ ಕೂಲಿಯ ದಲಿತ ಕುಟುಂಬಗಳು. ಗದ್ದೆಗೆ ಕೀಟನಾಶಕ ಹೊಡೆಯುವುದು ಆಗಷ್ಟೇ ಹೆಚ್ಚಾಗಿತ್ತು, ಅದೇ ಗದ್ದೆಯ ಏಡಿಗಳನ್ನು ಅವರು ಹಿಡಿದು ತಿನ್ನುತ್ತಿದ್ದರು. ಆದ್ದರಿಂದ ವಿಷ ಹೊಕ್ಕ ಏಡಿಯೇ ಕಾರಣ ಎಂಬ ಮಾತು ಊರೂರಿಗೆ ಹಬ್ಬಿತು, ವಿಜ್ಞಾನಿಗಳೂ ಅದನ್ನು ಗಂಭೀರವಾಗಿ ತೆಗೆದುಕೊಂಡರು. ನಂತರ ಮನೆತನಗಳ ವಂಶಾವಳಿಯನ್ನು ತೆಗೆದು ನೋಡಿದಾಗ, ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗಿದ್ದರೆ ಸಾಕು, ಮಕ್ಕಳಿಗೆ ಇಳಿಯುವ ರೀತಿಯ ವಂಶವಾಹಿ ರೋಗ ಇದು ಎಂಬುದು ಸ್ಪಷ್ಟವಾಯಿತು.

ನಮ್ಮ ಕೇರಿಯ ಅಮ್ಮ ಒಬ್ಬರು ಕೋಲೂರಿಕೊಂಡು, ದೇಹವನ್ನು ಆಚೀಚೆ ತೂಗುತ್ತಾ ನೀರಿಗೆ ಹೋಗುತ್ತಿದ್ದುದು ನನ್ನ ಬಾಲ್ಯದ ನೆನಪು. 'ಅದು ಅವರ ವಂಶದಲ್ಲೇ ಇದೆ' ಎಂಬ ಉತ್ತರ ಸಿಕ್ಕ ಮೇಲೆ ಅವರ ನೋವಿನ ಬಗ್ಗೆ ಕೇಳುವವರೇ ಕಡಿಮೆಯಾದರು. ಏಡಿಯ ವಿಷ ಎಂದು ನಂಬಿದ್ದಾಗ ಜನರಲ್ಲಿ ಸಿಟ್ಟಿತ್ತು, ವಂಶ ಎಂದಾಗ ಅದು ಹಣೆಬರಹವಾಯಿತು. ಹಾಗಾಗಿ ನಾನು ತಳಿಪಾಠ ಅವರನ್ನು ಕೇಳುವುದು: ವಿಷ ಅಂಡಾಣು, ವೀರ್ಯಾಣುಗಳನ್ನೂ ಮುಟ್ಟಬಹುದಲ್ಲವೇ? ಉತ್ಪರಿವರ್ತನೆಯೇ ಕಾರಣ ಎಂದ ಮಾತ್ರಕ್ಕೆ ಪರಿಸರದ ಪಾತ್ರ ಮುಗಿಯಿತೇ?

ತಳಿಪಾಠ ಉತ್ತರಿಸಿದ್ದಾರೆ:

ನಿಮ್ಮ ಮಾತು ನನಗೆ ನಾಟಿತು, ಮೇಡಂ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು. ವಿಕಿರಣವೂ ಕೆಲವು ರಾಸಾಯನಿಕಗಳೂ ಸಂತಾನಕೋಶಗಳಲ್ಲಿ ಉತ್ಪರಿವರ್ತನೆ ಉಂಟುಮಾಡುವುದನ್ನು ನೊಣಗಳಲ್ಲೂ ಇಲಿಗಳಲ್ಲೂ ಕಂಡಿದ್ದಾರೆ. ಆದರೆ ಹಾಗೆ ಉಂಟಾಗುವ ಬದಲಾವಣೆ ಗುರಿಯಿಟ್ಟು ಬೀಳುವುದಿಲ್ಲ, ಒಂದು ಪ್ರತಿಯ 300 ಕೋಟಿ ಅಕ್ಷರಗಳ ಉದ್ದಕ್ಕೂ ಎಲ್ಲಿ ಬೇಕಾದರೂ ಬೀಳಬಹುದು. ಒಂದೇ ಊರಿನ ಹಲವು ಮನೆಗಳ ಜನರಲ್ಲಿ ಒಂದೇ ಕಾಲಕ್ಕೆ ಒಂದೇ ಬದಲಾವಣೆಯನ್ನು ವಿಷ ತಂದಿಡಲಾರದು. ಹಲವು ಮನೆಗಳಲ್ಲಿ ಒಂದೇ ರೋಗ ಒಂದೇ ಕ್ರಮದಲ್ಲಿ ಇಳಿದು ಬಂದಿದ್ದರೆ, ಅದು ಹಿಂದೆ ಯಾರೋ ಒಬ್ಬ ಹಿರಿಯರಲ್ಲಿ ಹುಟ್ಟಿ ಹಂಚಿಹೋದದ್ದೆಂದು ಯೋಚಿಸುವುದೇ ಸರಿ. ಹಿರೋಶಿಮಾ, ನಾಗಸಾಕಿಗಳಲ್ಲಿ ಬಾಂಬಿನಿಂದ ಬದುಕುಳಿದವರಿಗೆ ಕ್ಯಾನ್ಸರ್ ಹೆಚ್ಚಿತು. ಆದರೆ ಅವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದಾಗ ವಂಶವಾಹಿ ರೋಗಗಳು ಎದ್ದು ಕಾಣುವಷ್ಟು ಹೆಚ್ಚಿದ್ದು ಕಂಡುಬರಲಿಲ್ಲ.

ಹಂದಿಗೋಡು ರೋಗಕ್ಕೂ ಸಿಕಲ್ ಸೆಲ್‌ಗೂ ಒಂದು ಮುಖ್ಯ ಅಂತರವಿದೆ, ಮೇಷ್ಟ್ರಿಗೆ ಇದು ಪಾಠಕ್ಕೆ ಒದಗಬಹುದು. ಸಿಕಲ್ ಸೆಲ್ ರೋಗಕ್ಕೆ ಎರಡೂ ಪ್ರತಿಗಳು ಬದಲಾಗಿರಬೇಕು, ಆದ್ದರಿಂದ ಅದು ವಾಹಕರಲ್ಲಿ ತಲೆಮಾರುಗಳ ಕಾಲ ಸುಳಿವು ಕೊಡದೆ ಸಾಗಿ ಬರಬಲ್ಲದು. ಹಂದಿಗೋಡಿನದು ಪ್ರಬಲ ಗುಣ, ಒಂದೇ ಪ್ರತಿ ಬದಲಾಗಿದ್ದರೂ ರೋಗ ಕಾಣಿಸಿಕೊಳ್ಳುತ್ತದೆ, ಪ್ರತಿ ಮಗುವಿಗೂ ಎರಡರಲ್ಲಿ ಒಂದು ಪಾಲು ಸಂಭವ.

ನಿಮ್ಮ ಎರಡನೆಯ ಪ್ರಶ್ನೆಯೇ ದೊಡ್ಡದು. ವಂಶವಾಹಿ ರೋಗ ಎಂದ ಕೂಡಲೇ ಕೈಚೆಲ್ಲುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಅಕ್ಷರ ಬದಲಾದದ್ದು ಒಂದು ಸಂಗತಿ, ಅದು ಬದುಕಿನಲ್ಲಿ ಎಷ್ಟು ಕಾಡುತ್ತದೆ ಎಂಬುದು ಇನ್ನೊಂದು. ಫಿನೈಲ್‌ಕೀಟೊನೂರಿಯಾ ಎಂಬ ವಂಶವಾಹಿ ರೋಗವಿರುವ ಕೂಸಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಆಹಾರವನ್ನು ಬದಲಿಸಿದರೆ ಮಿದುಳು ಕೆಡುವುದೇ ಇಲ್ಲ. ಉತ್ಪರಿವರ್ತನೆ ಹಾಗೆಯೇ ಇರುತ್ತದೆ, ಕೇಡು ಮಾತ್ರ ತಪ್ಪುತ್ತದೆ. ಭಾರತದ ಸಿಕಲ್ ಸೆಲ್ ರೋಗಿಗಳಲ್ಲಿ ಅನೇಕರಿಗೆ ರೋಗ ಆಫ್ರಿಕಾದವರಿಗಿಂತ ಮೆದುವಾಗಿ ಕಾಡುವುದಕ್ಕೂ ಇಂಥ ಒಂದು ಕಾರಣವಿದೆ. ಅವರಲ್ಲಿ ಅದೇ ವರ್ಣತಂತುವಿನ ಹತ್ತಿರದ ಜಾಗದಲ್ಲಿ ಇನ್ನೊಂದು ಅಕ್ಷರ ಬದಲಾಗಿದ್ದು, ಗರ್ಭಕಾಲದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸ್ವಲ್ಪ ಹೆಚ್ಚು ಉಳಿದಿರುತ್ತದೆ. ಒಂದು ಉತ್ಪರಿವರ್ತನೆಯ ಗಾಯಕ್ಕೆ ಇನ್ನೊಂದು ಉತ್ಪರಿವರ್ತನೆಯೇ ಮುಲಾಮಾಗಿ ಒದಗಿದೆ. ಇದನ್ನು ಮೊದಲ ಸಲ ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿಟ್ಟು ಕುಳಿತಿದ್ದೆ.

ವೇದಾವತಿ ಉತ್ತರಿಸಿದ್ದಾರೆ:

ಚಳ್ಳಕೆರೆ ಕಡೆಯ ಕಡಲೆಕಾಯಿ ಬೆಳೆಗಾರನಾಗಿ ಒಂದು ಚಿಕ್ಕ ಮಾತು ಸೇರಿಸುತ್ತೇನೆ. ಗುರಿಯಿಲ್ಲದೆ ಬೀಳುವ ಬದಲಾವಣೆ ಎಂದು ಮೇಲೆ ಬರೆದಿದ್ದಾರೆ. ಅದನ್ನೇ ಬಳಸಿಕೊಂಡು, ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಡಲೆಕಾಯಿ ಬೀಜಕ್ಕೆ ಎಕ್ಸ್ ಕಿರಣ ಹಾಯಿಸಿ, ಹುಟ್ಟಿದ ಸಾವಿರಾರು ಗಿಡಗಳಲ್ಲಿ ಬೇಕಾದ ಕೆಲವನ್ನು ಆರಿಸಿ ತಳಿಗಳನ್ನು ಬೆಳೆಸಿದರು. ಗಿಡ್ಡನೆಯ ಟಿಎಜಿ-24 ತಳಿ ಆ ವಂಶದ್ದೇ. ಕಿರಣ ಬಿದ್ದ ಗಿಡಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವು, ಒಳ್ಳೆಯದು ಸಿಗುವುದು ಅಪರೂಪ. ಬೀಜಕ್ಕೆ ಕಿರಣ ಹಾಯಿಸಿದ್ದರಿಂದ ಕಾಯಿ ತಿಂದವರಿಗೆ ಏನಾದರೂ ಆಗುತ್ತದೆಯೇ ಎಂದು ಹೆದರುವವರಿಗೂ ಹೇಳುತ್ತೇನೆ, ಕಿರಣ ಬೀಜದಲ್ಲಿ ಉಳಿಯುವುದಿಲ್ಲ, ಉಳಿಯುವುದು ಬದಲಾದ ಅಕ್ಷರ ಮಾತ್ರ. ಇಂಥ ಮೂರು ಸಾವಿರಕ್ಕೂ ಹೆಚ್ಚು ತಳಿಗಳು ಜಗತ್ತಿನಲ್ಲಿ ಬಿತ್ತನೆಗೆ ಬಂದಿವೆ.

ಕಬಿನಿತೀರ ಉತ್ತರಿಸಿದ್ದಾರೆ:

ಎಲ್ಲರಿಗೂ ನಾನು ಋಣಿ. ನಿನ್ನೆ 'ಅವನು ನಮಗೆ ಹಸುವ ಕೊಡಲಿ' ಎಂಬ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದೆ. ಮಕ್ಕಳೇ ಎದ್ದು ಬಂದು ಅಕ್ಷರ ಬದಲಿಸಿದರು, ಒಬ್ಬ ಹುಡುಗ 'ಹಸುವ' ಎಂಬುದನ್ನು 'ಹಣವ' ಮಾಡಿ, "ಇದು ಒಳ್ಳೆಯ ಉತ್ಪರಿವರ್ತನೆ, ಸಾರ್" ಎಂದ. ಸಿಸ್ಟರ್ ಹೇಳಿದಂತೆ ಯಾರ ಕಾರ್ಡಿನ ಮಾತನ್ನೂ ಎತ್ತದೆ, ನಮ್ಮ ಕಾಡಿನ ಚಳಿಜ್ವರದ ಕಥೆಯನ್ನೂ ಕೀನ್ಯಾದ ಕಥೆಯನ್ನೂ ಜೊತೆಯಾಗಿ ಹೇಳಿದೆ. ಚಳಿಜ್ವರದಿಂದ ಹಾಡಿಯಲ್ಲಿ ಮಕ್ಕಳು ಸಾಯುತ್ತಿದ್ದುದನ್ನು ತನ್ನ ಅಜ್ಜಿ ಹೇಳುತ್ತಾಳೆ ಎಂದು ಮಗುವೊಂದು ತಾನಾಗಿಯೇ ಹೇಳಿತು.

ಆ ಹುಡುಗಿ ಸಂಜೆ ಮತ್ತೆ ಬಂದಳು. ಈ ಸಲ ಅವಳು ಕೇಳಿದ್ದು, "ಕರಿಹಲಗೆಯ ಮೇಲೆ ತಪ್ಪು ಅಕ್ಷರವನ್ನು ಒರೆಸಿ ಬರೆದಿರಲ್ಲ ಸಾರ್, ರಕ್ತದಲ್ಲೂ ಹಾಗೆ ಒರೆಸಿ ಬರೆಯಬಹುದೇ?" ಎಂದು. ಅವಳಿಗೊಬ್ಬ ಪುಟ್ಟ ತಮ್ಮನಿದ್ದಾನೆ, ಎರಡು ವರ್ಷ. ಆಗಾಗ ಕೈ ಊದಿಕೊಂಡು ಅಳುತ್ತಾನಂತೆ. ಅವನ ತಪಾಸಣೆ ಇನ್ನೂ ಆಗಿಲ್ಲ.

ತಳಿಪಾಠ ಉತ್ತರಿಸಿದ್ದಾರೆ:

ಅವಳ ಪ್ರಶ್ನೆಗೆ ಒಂದು ಬಗೆಯ ಉತ್ತರ ಸಿಕ್ಕಿದೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ, ಸಿಕಲ್ ಸೆಲ್ ರೋಗಕ್ಕೆ ಕ್ರಿಸ್ಪರ್ ಎಂಬ, ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ತಂತ್ರದ ಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಕೊಟ್ಟವು. ಅದರಲ್ಲಿ ತಪ್ಪಾದ ಅಕ್ಷರವನ್ನು ಒರೆಸುವುದಿಲ್ಲ. ರೋಗಿಯ ಮೂಳೆಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ಗರ್ಭಕಾಲದ ಹಿಮೋಗ್ಲೋಬಿನ್ ತಯಾರಿಕೆಯನ್ನು ಅದುಮಿಡುವ ವಂಶವಾಹಿಯ ಕೆಲಸವನ್ನು ಕೆಂಪು ರಕ್ತಕಣಗಳಲ್ಲಿ ಮಾತ್ರ ತಗ್ಗಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಭಾರತದ ರೋಗಿಗಳಲ್ಲಿ ನಿಸರ್ಗ ತಾನಾಗಿ ಸ್ವಲ್ಪ ಮಟ್ಟಿಗೆ ಮಾಡಿದ್ದನ್ನೇ ಇಲ್ಲಿ ಕೈಯಾರೆ ಮಾಡಿದಂತೆ. ಅಮೆರಿಕದಲ್ಲಿ 2023ರಲ್ಲಿ ಒಬ್ಬರಿಗೆ ಅದರ ಬೆಲೆ 22 ಲಕ್ಷ ಡಾಲರ್ ಇತ್ತು. ಹಾಡಿಯ ಮಗುವಿಗೆ ಅದು ಎಟುಕುವ ಕಾಲ ಬರಬೇಕು. ಪ್ರಶ್ನೆ ಕೇಳುವುದನ್ನು ನಿಲ್ಲಿಸಬೇಡ ಎಂದು ಅವಳಿಗೆ ನನ್ನ ಮಾತಾಗಿ ಹೇಳಿ.

ಬಿಳಿಗಿರಿ ಉತ್ತರಿಸಿದ್ದಾರೆ:

ಮೇಷ್ಟ್ರೇ, ತಮ್ಮನ ವಿಷಯ ತಡಮಾಡಬೇಡಿ. ಆ ವಯಸ್ಸಿನಲ್ಲಿ ಕೈ ಊದಿ ನೋಯುವುದು ಸಿಕಲ್ ಸೆಲ್ ರೋಗದ ಲಕ್ಷಣವಿರಬಹುದು. ಅಕ್ಕ ವಾಹಕಳಾಗಿದ್ದಾಳೆ ಎಂದರೆ ಹೆತ್ತವರಲ್ಲಿ ಒಬ್ಬರಾದರೂ ಆ ಪ್ರತಿಯನ್ನು ಹೊತ್ತಿರಲೇಬೇಕು, ಇಬ್ಬರೂ ಹೊತ್ತಿರುವ ಸಾಧ್ಯತೆಯೂ ಉಂಟು. ಹಾಡಿಯ ಆಶಾ ಕಾರ್ಯಕರ್ತೆಗೆ ನಾಳೆಯೇ ತಿಳಿಸಿ, ಅಕ್ಕನ ಕಾರ್ಡನ್ನು ಜೊತೆಗೆ ಒಯ್ಯಲು ಹೇಳಿ, ತಂದೆತಾಯಿಯ ರಕ್ತವನ್ನೂ ಪರೀಕ್ಷಿಸಲಿ. ಮೊದಲ ಪರೀಕ್ಷೆಯಲ್ಲಿ ಇದೆ ಎಂದು ಬಂದರೆ, ವಾಹಕನೋ ರೋಗಿಯೋ ಎಂದು ಬಿಡಿಸಿ ಹೇಳುವ ಎರಡನೆಯ ಪರೀಕ್ಷೆಯೂ ಆಗಬೇಕು. ರೋಗವೇ ಎಂದಾದರೆ ಸೋಂಕು ತಡೆಯುವ ಪೆನ್ಸಿಲಿನ್, ಲಸಿಕೆಗಳು, ಫೋಲಿಕ್ ಆಮ್ಲ, ವೈದ್ಯರು ಹೇಳಿದರೆ ಹೈಡ್ರಾಕ್ಸಿಯೂರಿಯಾ ಮಾತ್ರೆ, ಇವುಗಳಿಂದ ಎಷ್ಟೋ ಮಕ್ಕಳು ಇಂದು ಶಾಲೆಗೆ ಹೋಗಿ ಬರುತ್ತಿದ್ದಾರೆ. ಅಲ್ಲಿಯವರೆಗೆ ಮಗುವಿಗೆ ನೀರು ಕುಡಿಸುತ್ತಿರಲಿ, ಚಳಿಗೆ ಒಡ್ಡದಿರಲಿ. ಎಡ ಪಕ್ಕೆಲುಬಿನ ಕೆಳಗೆ ಹೊಟ್ಟೆ ಇದ್ದಕ್ಕಿದ್ದಂತೆ ಊದಿ ಗಟ್ಟಿಯಾದರೆ, ಮಗು ಬಿಳಿಚಿಕೊಂಡರೆ, ಜ್ವರ ಬಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ತಾಯಿಗೆ ನೀವೇ ಹೋಗಿ ಹೇಳಿ. ಪರೀಕ್ಷೆಯ ಫಲಿತಾಂಶ ಬಂದ ದಿನ ಇಲ್ಲಿ ಒಂದು ಸಾಲು ಬರೆಯಿರಿ, ನಾನು ನೋಡುತ್ತಿರುತ್ತೇನೆ.